ಒದ್ದೆಯಾದರೆ ತಿಳಿಸುವ ಬೂಟು

2022ರ ಮಳೆಗಾಲ ಮುಗಿಯುವ ಹೊತ್ತಿಗೆ ನಾನು ಚಿತ್ರದುರ್ಗದಲ್ಲಿ ಒಂದು ಕನ್ನಡ ದಿನಪತ್ರಿಕೆಯ ಜಿಲ್ಲಾ ಆವೃತ್ತಿಗೆ ಮುಖ್ಯ ಉಪಸಂಪಾದಕಿಯಾಗಿದ್ದೆ. ತಾಲ್ಲೂಕುಗಳಿಂದ ಬರುವ ವರದಿಗಳನ್ನು ತಿದ್ದುವುದು, ಶೀರ್ಷಿಕೆ ಕೊಡುವುದು, ಪುಟ ಮುಗಿಸಿ ಅಚ್ಚಿಗೆ ಕಳಿಸುವುದು ನನ್ನ ಕೆಲಸ. ಇದರ ಜೊತೆಗೆ ತಿಂಗಳಿಗೊಮ್ಮೆ ಫೋನ್-ಇನ್ ಕಾರ್ಯಕ್ರಮ. ಒಬ್ಬ ವೈದ್ಯರೋ ವಕೀಲರೋ ಕೃಷಿ ತಜ್ಞರೋ ನಮ್ಮ ಕಚೇರಿಗೆ ಬಂದು ಒಂದು ಗಂಟೆ ಫೋನಿನ ಮುಂದೆ ಕೂರುತ್ತಾರೆ. ಓದುಗರು ಕರೆ ಮಾಡಿ ಕೇಳುತ್ತಾರೆ. ಪ್ರಶ್ನೆ, ಉತ್ತರ ಎರಡೂ ಮರುದಿನ ಅಚ್ಚಾಗುತ್ತವೆ.

ಇದಕ್ಕೆ ನಮ್ಮಲ್ಲೊಂದು ಪದ್ಧತಿ ಇತ್ತು. ಉತ್ತರವನ್ನು ಪುಟಕ್ಕೆ ಹಾಕುವ ಮುನ್ನ ಪ್ರಶ್ನೆ ಕೇಳಿದವರಿಗೆ ಮತ್ತೆ ಫೋನ್ ಮಾಡಿ, ಅಚ್ಚಾಗಲಿರುವ ಸಾಲುಗಳನ್ನು ಹಾಗೆಯೇ ಓದಿ ಹೇಳಬೇಕು. ಹೊಸದಾಗಿ ಸೇರಿದವರು ಇದರಿಂದ ಸಮಯ ಹಾಳು ಎಂದು ಗೊಣಗುತ್ತಿದ್ದರು. ಬಹುಪಾಲು ಕರೆಗಳಲ್ಲಿ ಆ ಕಡೆಯವರು ‘ಸರಿ ಮೇಡಮ್’ ಎಂದು ಇಟ್ಟುಬಿಡುತ್ತಿದ್ದುದರಿಂದ ಅವರ ಗೊಣಗಾಟದಲ್ಲಿ ತಪ್ಪೂ ಇರಲಿಲ್ಲ. ನಾನು ಹೇಳಹೊರಟ ಪ್ರಕರಣ ಹುಟ್ಟಿದ್ದು ಅಂಥ ಒಂದು ಎರಡನೇ ಕರೆಯಲ್ಲಿ.

ಆ ತಿಂಗಳ ವಿಷಯ, ಸಕ್ಕರೆ ಕಾಯಿಲೆ ಇರುವವರ ಪಾದದ ಆರೈಕೆ. ಉತ್ತರಿಸಲು ಬಂದಿದ್ದವರು ಹಿರಿಯೂರಿನಲ್ಲಿ ಕ್ಲಿನಿಕ್ ನಡೆಸುತ್ತಿದ್ದ ಒಬ್ಬ ಸರ್ಜನ್. ಮಾತು ಕಡಿಮೆ, ಪ್ರಶ್ನೆ ಪೂರ್ತಿ ಕೇಳಿಸಿಕೊಳ್ಳುವ ಮನುಷ್ಯ. ರಜೆ ಸಿಕ್ಕರೆ ಕಾರಿನಲ್ಲಿ ಪಶ್ಚಿಮ ಘಟ್ಟದ ಕಡೆ ಹೋಗಿ ಬೆಟ್ಟ ಹತ್ತುತ್ತಾರೆಂದು ಚಹಾ ಕುಡಿಯುವಾಗ ತಾವೇ ಹೇಳಿದ್ದರು.

ಸಮಯ ಮುಗಿಯಲು ಸ್ವಲ್ಪ ಇರುವಾಗ ಹೊಸದುರ್ಗ ತಾಲ್ಲೂಕಿನಿಂದ ಒಬ್ಬ ಹೆಂಗಸು ಕರೆ ಮಾಡಿದರು. ಹೆಸರು ಕರಿಯಮ್ಮ. ಗಂಡ ತಿಪ್ಪೇಸ್ವಾಮಿ ಕುರಿ ಕಾಯುವವರು. ಹಿಂದಿನ ಬೇಸಿಗೆಯಲ್ಲಿ ಒಂದು ಜಾಲಿಮುಳ್ಳು ಹವಾಯಿ ಚಪ್ಪಲಿಯನ್ನು ತೂರಿಕೊಂಡು ಅವರ ಎಡಗಾಲಿಗೆ ಹೊಕ್ಕಿತ್ತು. ಅವರಿಗೆ ತಿಳಿಯಲೇ ಇಲ್ಲ. ಸಂಜೆ ಮನೆಯ ನೆಲದ ಮೇಲೆ ರಕ್ತದ ಹೆಜ್ಜೆ ಕಂಡು ಗೊತ್ತಾದದ್ದು ಕರಿಯಮ್ಮನಿಗೆ. ಸಕ್ಕರೆ ಕಾಯಿಲೆ ಹಳೆಯದಾದರೆ ಪಾದದ ನರಗಳು ಸ್ಪರ್ಶವನ್ನು ಕಳೆದುಕೊಳ್ಳುತ್ತವೆ. ವೈದ್ಯರು ಇದನ್ನು ನ್ಯೂರೋಪತಿ ಎನ್ನುತ್ತಾರೆ. ಮುಳ್ಳು, ಬಿಸಿ, ಒದ್ದೆ ಯಾವುದೂ ಅರಿವಿಗೆ ಬರುವುದಿಲ್ಲ. ತಿಪ್ಪೇಸ್ವಾಮಿಯವರ ಗಾಯ ಕೀವಾಗಿ ಕಿರುಬೆರಳು ತೆಗೆಯಬೇಕಾಯಿತು. ಈಗ ವಾಸಿಯಾಗಿತ್ತು. ಆದರೆ ಇನ್ನೊಮ್ಮೆ ಹೀಗಾದರೆ ಹೋಗುವುದು ಬೆರಳಲ್ಲ, ಪಾದ ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಮುಚ್ಚಿದ, ದಪ್ಪ ಅಟ್ಟೆಯ ಬೂಟು ಇಲ್ಲದೆ ಅಡವಿಗೆ ಹೋಗುವಂತಿಲ್ಲ.

ಗಂಡ ಹೆಂಡತಿ ಚಿತ್ರದುರ್ಗದ ಒಂದು ಅಂಗಡಿಯಲ್ಲಿ ಬೆಟ್ಟ ಹತ್ತುವವರ ಬೂಟು ನೋಡಿ ಹೋಗಿದ್ದರು. ಎರಡು ಜೊತೆ ಕಾಲಿಗೆ ಸರಿಹೊಂದಿದ್ದವು. ಎರಡೂ ತೊಗಲಿನವು, ಹಿಮ್ಮಡಿಯ ಗಂಟು ಮುಚ್ಚುವಷ್ಟು ಎತ್ತರ. ಒಂದರ ಒಳಗೆ ನೀರು ತಡೆಯುವ ತೆಳು ಪೊರೆಯ ಲೈನಿಂಗ್ ಇತ್ತು. ಇನ್ನೊಂದು ಬರಿ ತೊಗಲು. ಅಂಗಡಿಯವರು ಎರಡನ್ನೂ ಸಮನಾಗಿ ಹೊಗಳಿ, ಎರಡನ್ನೂ ಎತ್ತಿಡುತ್ತೇನೆ, ಯೋಚನೆ ಮಾಡಿ ಬನ್ನಿ ಎಂದಿದ್ದರು. ಇತ್ತ ಊರಿಗೆ ಒಬ್ಬ ಕುರಿ ವ್ಯಾಪಾರಿ ಬಂದು ಹಿಂಡನ್ನು ನೋಡಿಕೊಂಡು ಹೋಗಿದ್ದ. ಬೂಟು ಒಗ್ಗದಿದ್ದರೆ ಹಿಂಡು ಅವನಿಗೆ ಎಂದು ತಿಪ್ಪೇಸ್ವಾಮಿ ಹೇಳಿಬಿಟ್ಟಿದ್ದರು.

“ಮಾರಿ ಮನೇಲಿ ಕುಂತ್ರೆ ಕಾಲು ಚೆನ್ನಾಗಿರ್ತೈತೆ” ಎಂದರು ಕರಿಯಮ್ಮ. “ಆ ಮನುಷ್ಯ ಹೆಂಗಿರ್ತಾರೋ ನಂಗೆ ಗೊತ್ತಿಲ್ಲ. ಅದ್ಕೇ ಕೇಳ್ತಿರಾದು. ಎರಡ್ರಾಗೆ ಯಾವುದು ತಗಳ್ಳಿ?”

ಕುರಿ ಎಲ್ಲಿ ಮೇಯಿಸುತ್ತಾರೆ ಎಂದು ಡಾಕ್ಟರು ಕೇಳಿದರು. ಮಾರಿಕಣಿವೆ ಹಿನ್ನೀರಿನ ದಡದಲ್ಲಿ. ಆ ವರ್ಷ ಜಲಾಶಯ ತುಂಬಿ, ಆ ಕಡೆಯ ಜನ ತಮ್ಮ ಜನ್ಮದಲ್ಲಿ ನೀರು ಕಾಣದ ಹೊಲಗಳಿಗೂ ನೀರು ಏರಿತ್ತು. ಇಳಿದಲ್ಲೆಲ್ಲ ಕೆಸರು, ಕೆಸರಿನ ಅಂಚಿಗೆ ಹಸಿರು ಹುಲ್ಲು. ಕುರಿಗಳು ಅತ್ತಲೇ ಓಡುತ್ತವೆ. ಚಳಿಗಾಲ ಬಂದರೆ ಮೇಲಿಂದ ಇಬ್ಬನಿ. ಡಾಕ್ಟರು ತಡಮಾಡದೆ, ಹಾಗಾದರೆ ಲೈನಿಂಗ್ ಇರುವುದನ್ನೇ ತೆಗೆದುಕೊಳ್ಳಿ, ಪಾದ ಒಣಗಿರುವುದು ಮುಖ್ಯ ಎಂದರು. ನಾನು ಬರೆದುಕೊಂಡೆ.

ಮಧ್ಯಾಹ್ನ ಉತ್ತರಗಳನ್ನು ಸಿದ್ಧಪಡಿಸಿ ಒಬ್ಬೊಬ್ಬರಿಗೂ ಓದಿ ಹೇಳತೊಡಗಿದೆ. ಕರಿಯಮ್ಮನ ಸರದಿ ಬಂದಾಗ ಅವರು ಹೊರಗೆಲ್ಲೋ ಇದ್ದರು, ಹಿನ್ನೆಲೆಯಲ್ಲಿ ಕುರಿಮರಿಗಳ ಕೂಗು ಕೇಳುತ್ತಿತ್ತು. ‘ಒದ್ದೆ ನೆಲದಲ್ಲಿ ನಡೆಯುವವರು ವಾಟರ್‌ಪ್ರೂಫ್ ಲೈನಿಂಗ್ ಇರುವ ಬೂಟನ್ನೇ ಆರಿಸಿಕೊಳ್ಳಬೇಕು. ಅದು ನೀರನ್ನು ಒಳಗೆ ಬಿಡುವುದಿಲ್ಲ’ ಎಂದು ಓದಿದೆ. ಆ ಕಡೆಯಿಂದ ‘ಸರಿ’ ಬರಲಿಲ್ಲ. ಬಂದದ್ದು ಇನ್ನೊಂದು ಪ್ರಶ್ನೆ.

“ಮೇಡಮ್, ನೀರು ಒಳಕ್ಕೆ ಬರಲ್ಲ ಅಂದ್ರಿ, ಸರಿ. ಅಕಸ್ಮಾತ್ ಬಂತು ಅನ್ರಿ. ಮೇಲಿಂದ ತುಳುಕ್ತೋ, ಬೆವರೋ. ಅವ್ರಿಗಂತೂ ಗೊತ್ತಾಗಲ್ಲ. ನಂಗೆ ಹೆಂಗೆ ಗೊತ್ತಾಗ್ಬೇಕು?”

ವಿಚಾರಿಸಿ ಹೇಳುತ್ತೇನೆ ಎಂದು ಫೋನ್ ಇಟ್ಟು, ಹಿರಿಯೂರು ತಲುಪಿದ್ದ ಡಾಕ್ಟರಿಗೆ ಕರೆ ಮಾಡಿ ಆಕೆ ಹೇಳಿದ್ದನ್ನು ಆಕೆಯ ಮಾತಿನಲ್ಲೇ ಹೇಳಿದೆ. ಅವರು ಇನ್ನೊಮ್ಮೆ ಹೇಳಿ ಎಂದರು. ಹೇಳಿದೆ. “ಇವತ್ತು ಇದನ್ನ ಹಾಕಬೇಡಿ” ಎಂದರು. ಶನಿವಾರ ಗಂಡ ಹೆಂಡತಿ ಇಬ್ಬರೂ ಕ್ಲಿನಿಕ್ಕಿಗೆ ಬರಲಿ, ಸಾಧ್ಯವಾದರೆ ಎರಡೂ ಜೊತೆ ಬೂಟು ತರಲಿ, ಕಾಲು ನೋಡದೆ ಹೇಳುವುದು ಸರಿಯಲ್ಲ ಎಂದರು. ಆ ಪ್ರಶ್ನೆಯನ್ನು ಪುಟದಿಂದ ತೆಗೆದು, ಉಗುರು ಕತ್ತರಿಸುವ ಬಗ್ಗೆ ಕೇಳಿದ್ದ ಇನ್ನೊಬ್ಬರ ಪ್ರಶ್ನೆಯನ್ನು ಆ ಜಾಗಕ್ಕೆ ಹಾಕಿದೆವು.

ಉತ್ತರ ಬಾಕಿ ಉಳಿದದ್ದರಿಂದ ಶನಿವಾರ ನಾನೂ ಹೋಗುವುದೆಂದಾಯಿತು. ಬೂಟು ತರುವ ಹೊಣೆ ನನಗೇ ಬಿತ್ತು. ಅಂಗಡಿಯವರು ಎರಡೂ ಡಬ್ಬಿಗಳನ್ನು ಕಟ್ಟಿ ಕೊಟ್ಟರು. “ಪೇಪರ್‌ನೋರು ಅಂದ್ರೆ ನಂಬಿಕೆ ಐತೆ ಮೇಡಮ್. ಆದ್ರೂ ನಿಮ್ಮ ಕಾರ್ಡ್ ಒಂದು ಇಟ್ಟೋಗ್ರಿ” ಎಂದರು. ಪತ್ರಿಕೆಯ ಗುರುತಿನ ಚೀಟಿಯನ್ನು ಅಲ್ಲಿ ಒತ್ತೆಯಿಟ್ಟು ಹಿರಿಯೂರಿನ ಬಸ್ ಹತ್ತಿದೆ.

ಅವರಿಬ್ಬರು ನನಗಿಂತ ಮೊದಲೇ ಬಂದು ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತಿದ್ದರು. ತಿಪ್ಪೇಸ್ವಾಮಿ ಉದ್ದನೆಯ ಆಳು. ಹೆಗಲ ಮೇಲೆ ಮಡಿಸಿದ ಕಂಬಳಿ. ಆಸ್ಪತ್ರೆಯ ಬೆಂಚಿನಲ್ಲಿ ಹೇಗೆ ಕೂರಬೇಕೆಂದು ತಿಳಿಯದವರಂತೆ ತುದಿಯಲ್ಲಿ ಕೂತಿದ್ದರು. ಕರಿಯಮ್ಮ ಗಿಡ್ಡ, ಚುರುಕು. ನಾನು ಡಬ್ಬಿಗಳನ್ನು ಇಳಿಸಿದಾಗ ತಿಪ್ಪೇಸ್ವಾಮಿ ಅವನ್ನೊಮ್ಮೆ, ಒಳಗಿನಿಂದ ಬಂದ ಡಾಕ್ಟರನ್ನೊಮ್ಮೆ ನೋಡಿ, “ನಾಲ್ಕು ಕಾಲಿನವು ಬರಿಗಾಲಾಗೆ ತಿರುಗ್ತಾವೆ. ಎರಡು ಕಾಲಿನೋನಿಗೆ ಇಷ್ಟು ಜನ ಮೀಟಿಂಗು” ಎಂದರು. ಡಾಕ್ಟರು ನಕ್ಕರು.

ಮೊದಲು ಸ್ಪರ್ಶದ ಪರೀಕ್ಷೆ. ಒಂದು ಕಡ್ಡಿಯ ತುದಿಗೆ ಸಿಕ್ಕಿಸಿದ ನೈಲಾನ್ ಎಳೆಯನ್ನು ಪಾದದ ಬೇರೆ ಬೇರೆ ಕಡೆ ಬಾಗುವಷ್ಟು ಒತ್ತುತ್ತಾರೆ. ರೋಗಿ ಕಣ್ಣು ಮುಚ್ಚಿಕೊಂಡು, ತಾಗಿದಾಗ ‘ಹೂಂ’ ಎನ್ನಬೇಕು. ತಿಪ್ಪೇಸ್ವಾಮಿ ಸರಾಗವಾಗಿ ಹೂಂ ಹೂಂ ಎನ್ನುತ್ತ ಹೋದರು. ಡಾಕ್ಟರು ಎಳೆಯನ್ನು ಎತ್ತಿ ಹಿಡಿದಿದ್ದಾಗಲೂ ಹೂಂ ಎಂದರು.

“ಸುಳ್ಳು ಹೇಳ್ಬ್ಯಾಡ್ರಿ, ಅವ್ರಿನ್ನೂ ಮುಟ್ಟೇ ಇಲ್ಲ” ಎಂದರು ಕರಿಯಮ್ಮ.

ತಿಪ್ಪೇಸ್ವಾಮಿ ಕಣ್ಣು ತೆರೆದರು. ಮುಖದ ನಗು ಹೋಗಿತ್ತು. ಪರೀಕ್ಷೆಯಲ್ಲಿ ಪಾಸಾದರೆ ಮನೆಗೆ ಕಳಿಸುತ್ತಾರೆಂದು ಅಂದಾಜಿನ ಮೇಲೆ ಹೇಳುತ್ತಿದ್ದೆ ಎಂದು ಒಪ್ಪಿಕೊಂಡರು. ಎಳೆ ಅಂಗಾಲಿನ ಮೇಲೆ ಎಲ್ಲಿ ಒತ್ತಿದರೂ ಅವರಿಗೆ ಏನೂ ತಿಳಿಯುತ್ತಿರಲಿಲ್ಲ. ಡಾಕ್ಟರು ಪಾದವನ್ನು ಎರಡೂ ಕೈಯಲ್ಲಿ ಹಿಡಿದು, ಬೆರಳ ಸಂದುಗಳನ್ನು ನೋಡಿ ಕೆಳಗಿಟ್ಟರು.

ಆಮೇಲೆ ಎದ್ದು ಹೊರಗೆ ಹೋಗಿ ತಮ್ಮ ಕಾರಿನಿಂದ ಒಂದು ಬೂಟು ತಂದರು. ಅವರೇ ಬೆಟ್ಟಕ್ಕೆ ಹಾಕಿಕೊಂಡು ಹೋಗುವುದು, ಲೈನಿಂಗ್ ಇರುವುದು. ಅದರೊಳಗೆ ಒಂದು ಲೋಟ ನೀರು ಸುರಿದು ಮೇಜಿನ ಮೇಲೆ ಕಾಗದ ಹಾಸಿ ಇಟ್ಟರು. ಅಂಗಡಿಯಿಂದ ತಂದ ಬರಿ ತೊಗಲಿನ ಬೂಟಿನ ಮೂತಿಯ ಮೇಲೆ ಒದ್ದೆ ಹತ್ತಿ ಒತ್ತಿ ಹಿಡಿದರು. ಹತ್ತಿ ತೆಗೆದಾಗ ಕಂದು ತೊಗಲಿನ ಮೇಲೆ ರೂಪಾಯಿ ಅಗಲದ ಕಪ್ಪು ಕಲೆ ಬಿದ್ದಿತ್ತು. ಡಾಕ್ಟರ ಬೂಟಿನ ಹೊರಮೈ ಇದ್ದಂತೆಯೇ ಇತ್ತು. ಕೆಳಗಿನ ಕಾಗದವೂ ಒಣಗಿತ್ತು.

“ಡಾಕ್ಟ್ರೇ, ನಿಮ್ಮ ಬೂಟಿನಾಗೆ ಮೀನು ಸಾಕಬೋದು” ಎಂದರು ತಿಪ್ಪೇಸ್ವಾಮಿ.

ಡಾಕ್ಟರು ಕರಿಯಮ್ಮನ ಕಡೆ ತಿರುಗಿ ವಿವರಿಸಿದರು. ಲೈನಿಂಗ್ ಹೊರಗಿನ ನೀರನ್ನು ತಡೆಯುವುದು ನಿಜ. ತಣ್ಣನೆ ಪ್ರದೇಶದಲ್ಲಿ ಬೆವರಿನ ಆವಿಯನ್ನು ಹೊರಗೆ ಬಿಡುವುದೂ ನಿಜ. ನಮ್ಮ ಕಡೆಯ ಬಿಸಿಲಿನಲ್ಲಿ ಅದು ಅಷ್ಟಾಗಿ ಆಗುವುದಿಲ್ಲ. ಹಳ್ಳ ದಾಟುವಾಗ ಮೇಲಿನಿಂದ ನೀರು ಹೊಕ್ಕರೆ ಅಲ್ಲೇ ನಿಲ್ಲುತ್ತದೆ, ಒಣಗಲು ಒಂದೆರಡು ದಿನವೇ ಬೇಕು. ಸ್ಪರ್ಶ ಇರುವವನು ಒದ್ದೆಯಾಯಿತೆಂದು ಬೂಟು ಬಿಚ್ಚುತ್ತಾನೆ. ಸ್ಪರ್ಶ ಇಲ್ಲದವನು ಅದರಲ್ಲೇ ಸಂಜೆಯವರೆಗೆ ನಡೆಯುತ್ತಾನೆ. ನೆನೆದ ಚರ್ಮ ಬೆಳ್ಳಗಾಗಿ ಬಿರಿಯುತ್ತದೆ, ಬಿರಿದಲ್ಲಿ ಗಾಯ.

“ಬರಿ ತೊಗಲಿಂದು ಅದಕ್ಕಿಂತ ಒಳ್ಳೇದು ಅಂತ ನಾನು ಹೇಳ್ತಿಲ್ಲಮ್ಮ. ಅದು ಬೇಗ ಒದ್ದೆಯಾಗುತ್ತೆ. ಆದರೆ ಒದ್ದೆಯಾಗಿದ್ದನ್ನ ಮುಚ್ಚಿಡಲ್ಲ. ನೀವು ದೂರದಿಂದ ನೋಡಿದರೂ ಗೊತ್ತಾಗುತ್ತೆ. ನಾನು ಫೋನಲ್ಲಿ ಹೇಳುವಾಗ ನನ್ನ ಕಾಲನ್ನ ಲೆಕ್ಕಕ್ಕೆ ತಗೊಂಡಿದ್ದೆ.”

ಕರಿಯಮ್ಮ ಕಪ್ಪು ಕಲೆಯ ಮೇಲೆ ಬೆರಳಾಡಿಸಿದರು. ಅಷ್ಟರಲ್ಲಿ ಅದರ ಅಂಚು ಆರಿ ತಿಳಿಯಾಗತೊಡಗಿತ್ತು. “ಇದೇ ಸಾಕು” ಎಂದರು.

ಅಲ್ಲಿಗೆ ಮುಗಿಯಿತೆಂದು ನಾನು ಪೆನ್ನು ಮುಚ್ಚಿದ್ದೆ. ಡಾಕ್ಟರು ಸೂಚನೆಗಳನ್ನು ಹೇಳುತ್ತ ಹೋದರು. ಬಿಳಿ ಕಾಲುಚೀಲ ಹಾಕಬೇಕು, ಕೀವು ರಕ್ತ ಆದರೆ ಅದರ ಮೇಲೆ ಕಾಣುತ್ತದೆ. ಬೂಟನ್ನು ಒಲೆಯ ಮುಂದೆ ಒಣಗಿಸಬಾರದು, ತೊಗಲು ಬಿರಿಯುತ್ತದೆ. ಹಾಕಿಕೊಳ್ಳುವ ಮುನ್ನ ಒಳಗೆ ಕೈಯಾಡಿಸಿ ಕಲ್ಲು ಮುಳ್ಳು ನೋಡಬೇಕು. ಬರಿಗಾಲಲ್ಲಿ ಎಲ್ಲೂ ಕಾಲಿಡಬಾರದು. ಈ ಕೊನೆಯ ಮಾತಿಗೆ ತಿಪ್ಪೇಸ್ವಾಮಿ ತಲೆಯೆತ್ತಿದರು.

“ರೊಪ್ಪದ ಬಾಗಿಲಾಗೆ ಬಿಡ್ತೀನಲ್ಲ” ಎಂದರು.

ರೊಪ್ಪ ಎಂದರೆ ಮನೆಯ ಪಕ್ಕ ಮುಳ್ಳುಬೇಲಿ ಕಟ್ಟಿ ಕುರಿ ಕೂಡುವ ಜಾಗ. ಅವರ ಮನೆತನದಲ್ಲಿ ಯಾರೂ ಮೆಟ್ಟು ಹಾಕಿಕೊಂಡು ಅದರೊಳಗೆ ಹೋಗುವುದಿಲ್ಲ. ಅಪ್ಪನ ಕಾಲದಿಂದ ನಡೆದು ಬಂದದ್ದು. ಕುರಿ ಈಯುವ ಕಾಲದಲ್ಲಿ ತಿಪ್ಪೇಸ್ವಾಮಿ ದಿನದ ಹೆಚ್ಚಿನ ಹೊತ್ತು ಅಲ್ಲೇ ಇರುತ್ತಾರೆ. ಅಂದರೆ ಅಡವಿಯಲ್ಲಿ ಬೂಟು, ಮುಳ್ಳುಬೇಲಿಯೊಳಗೆ ಬರಿಗಾಲು. ಡಾಕ್ಟರು ಅದು ಸಾಧ್ಯವೇ ಇಲ್ಲ ಎಂದರು. ತಿಪ್ಪೇಸ್ವಾಮಿ ಒಂದಿಷ್ಟೂ ಸಿಟ್ಟಿಲ್ಲದೆ ಎದ್ದು ಕಂಬಳಿ ಹೆಗಲಿಗೆ ಹಾಕಿಕೊಂಡರು.

“ಹಂಗಾದ್ರೆ ಯಾವ ಬೂಟೂ ಬ್ಯಾಡ ಬಿಡ್ರಿ. ರೊಪ್ಪದೊಳಕ್ಕೆ ಹೋಗದೋನು ಕುರಿ ಇಟ್ಕಂಡು ಏನ್ ಮಾಡ್ತಾನೆ. ಅವ್ನಿಗೇ ಕೊಟ್ಬಿಡಾಣ ನಡಿಯೇ.”

ಅವನು ಎಂದರೆ ವ್ಯಾಪಾರಿ. ಕರಿಯಮ್ಮ ಏಳಲಿಲ್ಲ. ಗಂಡನ ಕಂಬಳಿಯ ತುದಿ ಹಿಡಿದು ಕೂತೇ ಇದ್ದರು. ಡಾಕ್ಟರು ನನ್ನ ಮುಖ ನೋಡಿದರು. ಇದು ವೈದ್ಯರೋ ಪತ್ರಿಕೆಯವರೋ ಬಾಯಿ ಹಾಕುವ ವಿಷಯವಲ್ಲ.

ಕರಿಯಮ್ಮ ನಿಧಾನವಾಗಿ ಕೇಳಿದರು: “ಮಾವ ಏನಂತಿದ್ರು? ಊರು ತುಳಿದ ಮೆಟ್ಟು ಒಳಕ್ಕೆ ಬರಬಾರ್ದು ಅಂತಿದ್ರು. ಊರೇ ತುಳೀದಿರೋ ಮೆಟ್ಟಾದ್ರೆ?”

ತಿಪ್ಪೇಸ್ವಾಮಿ ಮತ್ತೆ ಕೂತರು. ಅಣ್ಣನನ್ನು ಕೇಳಬೇಕು, ರೊಪ್ಪ ಇಬ್ಬರಿಗೂ ಸೇರಿದ್ದು ಎಂದರು. ಡಾಕ್ಟರು ಒಳಗಿನ ಕಪಾಟಿನಿಂದ ಎಂ.ಸಿ.ಆರ್. ಚಪ್ಪಲಿಯ ಹೊಸ ಜೊತೆಯೊಂದನ್ನು ತಂದರು. ಪಾದಕ್ಕೆ ಒತ್ತದ ಮೆತ್ತನೆ ರಬ್ಬರಿನ, ಮುಳ್ಳು ತೂರದ ಗಟ್ಟಿ ಅಟ್ಟೆಯ ಚಪ್ಪಲಿ ಅದು. ಸ್ಪರ್ಶ ಕಳೆದುಕೊಂಡ ಕಾಲಿಗೆಂದೇ ಮಾಡುತ್ತಾರೆ. ಕಾಲಿಗೆ ಹಾಕಿ ಅಳತೆ ನೋಡಲು ಹೋದಾಗ ಕರಿಯಮ್ಮ ತಡೆದು, ತಮ್ಮ ಸೆರಗನ್ನು ನೆಲದ ಮೇಲೆ ಹಾಸಿ, ಅದರ ಮೇಲೆ ಇಡಿ ಎಂದರು.

ಸಂಜೆ ನಾವು ಮೂವರೂ ಬಸ್ ನಿಲ್ದಾಣದಲ್ಲಿದ್ದೆವು. ಅಂಗಡಿಗೆ ಹಿಂತಿರುಗಿಸಬೇಕಾದ ಜೊತೆ, ಕೊಂಡ ಜೊತೆಗೆ ಅವರು ಕೊಟ್ಟ ಹಣ ನನ್ನ ಕೈಯಲ್ಲಿದ್ದವು. ತೊಗಲಿನ ಬೂಟು ತಿಪ್ಪೇಸ್ವಾಮಿಯವರ ಕಾಲಲ್ಲಿತ್ತು. ಹೊಸ ಬೂಟನ್ನು ಮೊದಲ ವಾರ ದಿನಕ್ಕೆ ಸ್ವಲ್ಪ ಸ್ವಲ್ಪವೇ ಹಾಕಿ ಪಳಗಿಸಬೇಕೆಂದು ಡಾಕ್ಟರು ಹೇಳಿದ್ದರಿಂದ ಬಸ್ಸಿನವರೆಗೆ ಮಾತ್ರ ಎಂದು ಕರಿಯಮ್ಮ ಅಪ್ಪಣೆ ಕೊಟ್ಟಿದ್ದರು. ಹೊಸದುರ್ಗದ ಬಸ್ ಹೊರಟಾಗ ಕರಿಯಮ್ಮ ಕಿಟಕಿಯಲ್ಲಿ ಕಂಡರು. ರಬ್ಬರ್ ಚಪ್ಪಲಿಯ ಪೊಟ್ಟಣವನ್ನು ಕೂಸಿನಂತೆ ಮಡಿಲಲ್ಲಿ ಇಟ್ಟುಕೊಂಡಿದ್ದರು. ಬಸ್ಸಿನ ನೆಲಕ್ಕೂ ಅದು ತಾಗಬಾರದಾಗಿತ್ತು.

ಉತ್ತರ ಮುಂದಿನ ವಾರ ಅಚ್ಚಾಯಿತು. ಡಾಕ್ಟರು ಹೇಳಿ ಬರೆಸಿದ್ದು ಹೀಗೆ: ‘ಪಾದದಲ್ಲಿ ಸ್ಪರ್ಶ ಇಲ್ಲದವರು, ಅದನ್ನು ದಿನವೂ ನೋಡುವವರು ಮನೆಯಲ್ಲಿದ್ದರೆ, ಲೈನಿಂಗ್ ಇಲ್ಲದ ತೊಗಲಿನ ಬೂಟು ತೆಗೆದುಕೊಳ್ಳಿ. ಅದು ಬೇಗ ನೆನೆಯುತ್ತದೆ. ಆದರೆ ನೆನೆದದ್ದು ಹೊರಗಿನಿಂದ ಕಾಣುತ್ತದೆ. ಕಂಡ ಕೂಡಲೇ ಬಿಚ್ಚಿ, ಪಾದ ಒರೆಸಿ, ಕಾಲುಚೀಲ ಬದಲಿಸಿ.’ ನೋಡುವವರು ಮನೆಯಲ್ಲಿದ್ದರೆ ಎಂಬುದು ವೈದ್ಯಕೀಯ ಮಾತಲ್ಲ, ತೆಗೆಯೋಣವೇ ಎಂದು ಪುಟ ಮಾಡುತ್ತಿದ್ದ ಸಹೋದ್ಯೋಗಿ ಕೇಳಿದರು. ಸಾಲು ಹೆಚ್ಚಾಗಿತ್ತು, ಅವರು ಕೇಳಿದ್ದು ಸಹಜ. ಉತ್ತರ ನಿಂತಿರುವುದೇ ಆ ಮಾತಿನ ಮೇಲೆ ಎಂದು ಹೇಳಿ ಉಳಿಸಿದೆ. ಪ್ರಕಟಣೆಗೆ ಮುನ್ನ ಕರಿಯಮ್ಮನಿಗೆ ಓದಿಯೂ ಹೇಳಿದೆ. ಈ ಸಲ ‘ಸರಿ ಮೇಡಮ್’ ಎಂದರು. ಅಣ್ಣ ಏನೆಂದರು ಎಂದು ಕೇಳಿದೆ. ಇನ್ನೂ ಏನೂ ಅಂದಿಲ್ಲ, ಪೊಟ್ಟಣ ದೇವರ ಗೂಡಿನ ಪಕ್ಕದ ಮೊಳೆಗೆ ತೂಗುತ್ತಿದೆ ಎಂದರು.

ಅಚ್ಚಾದ ದಿನವೇ ಬೆಳಿಗ್ಗೆ ಕಚೇರಿಗೆ ಒಂದು ಫೋನ್ ಬಂತು. ಹೊಳಲ್ಕೆರೆ ತಾಲ್ಲೂಕಿನ ಹೊರಕೆರೆದೇವಪುರದಿಂದ. ಮಾತಾಡಿದವರು ಗುಡ್ಡದ ಮೇಲಿನ ಗಾಳಿಯಂತ್ರಗಳಿಗೆ ಕಾವಲುಗಾರರು. ನಮ್ಮ ಕಡೆ ಅವನ್ನು ಫ್ಯಾನು ಎನ್ನುತ್ತಾರೆ. ಅವರಿಗೂ ಅದೇ ಕಾಯಿಲೆ, ಅದೇ ಮರಗಟ್ಟಿದ ಪಾದ, ದಿನವೂ ಗುಡ್ಡ ಹತ್ತಿ ಇಳಿಯುವ ಕೆಲಸ.

“ನೋಡೋರು ಮನೇಲಿದ್ರೆ ಅಂತ ಬರ್ದೀರಿ” ಎಂದರು. “ನಂಗೆ ಮದ್ವೆ ಆಗಿಲ್ಲ. ನೋಡೋರು ಇಲ್ದೋರು ಯಾವ ಬೂಟು ಹಾಕ್ಬೇಕು?”

ದನಿಯಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದರು. ನಾನು ಮತ್ತೆ ಡಾಕ್ಟರಿಗೆ ಫೋನ್ ಮಾಡಿದೆ. ಬೂಟು ಅದೇ ಇರಲಿ, ಮಧ್ಯಾಹ್ನ ಒಮ್ಮೆ ಬಿಚ್ಚಲಿ, ರಾತ್ರಿ ಮಲಗುವ ಮುನ್ನ ನೆಲದ ಮೇಲೆ ಕನ್ನಡಿ ಇಟ್ಟು ಅಂಗಾಲು ನೋಡಿಕೊಳ್ಳಲಿ ಎಂದರು ಅವರು. ಅದನ್ನು ಕಾವಲುಗಾರರಿಗೆ ಓದಿ ಹೇಳಿದೆ.

“ಕನ್ನಡಿ ಐತೆ ಮೇಡಮ್, ಮುಖ ನೋಡ್ಕಳಾದು. ಅದನ್ನೇ ಕೆಳಗಿಡ್ತೀನಿ” ಎಂದರು.

ಜನವರಿಯಲ್ಲಿ ಹಿನ್ನೀರಿನಿಂದ ಹೊಲ ಕಳೆದುಕೊಂಡವರ ವರದಿಗೆಂದು ಹೊಸದುರ್ಗದ ಕಡೆ ಹೋಗಿದ್ದಾಗ ಆ ಊರಿಗೂ ಹೋದೆ. ಇಳಿಹೊತ್ತು. ತಿಪ್ಪೇಸ್ವಾಮಿ ಹಿಂಡಿನೊಡನೆ ಇನ್ನೂ ಬಂದಿರಲಿಲ್ಲ. ಕುಂತ್ಕಳ್ರಿ ಎಂದು ಚಾಪೆ ಹಾಸಿ, ಕರಿಯಮ್ಮ ನಡುವೆ ನಡೆದದ್ದನ್ನೆಲ್ಲ ಹೇಳಿದರು. ಡಿಸೆಂಬರಿನ ಇಬ್ಬನಿಯಲ್ಲಿ ಬೂಟು ದಿನವೂ ನೆನೆಯುತ್ತಿತ್ತು. ಒಮ್ಮೆ ಬೆರಳ ಸಂದಿನ ಚರ್ಮ ಬೆಳ್ಳಗಾದದ್ದನ್ನು ಅದೇ ಸಂಜೆ ಕಂಡು, ಮರುದಿನವೇ ಹಿರಿಯೂರಿಗೆ ಕರೆದೊಯ್ದಿದ್ದರು. ಬಿರಿಯುವ ಮೊದಲೇ ವಾಸಿಯಾಯಿತು. ಅಷ್ಟು ದಿನ ಹಿಂಡನ್ನು ಅಣ್ಣ ಮೇಯಿಸಿಕೊಂಡು ಬಂದರು. ಆ ಅಣ್ಣನೇ ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಪೊಟ್ಟಣ ಬಿಚ್ಚಿ, ಚಪ್ಪಲಿಗೆ ಅರಿಶಿನ ಹಚ್ಚಿ, ರೊಪ್ಪದ ಒಳಗಿನ ಗೂಟಕ್ಕೆ ತಗುಲಿಹಾಕಿದ್ದರು. ವ್ಯಾಪಾರಿ ಇನ್ನೊಮ್ಮೆ ಬಂದು ಚಹಾ ಕುಡಿದು ಹೋದನಂತೆ.

ಹಿಂಡು ತಿರುವಿನಲ್ಲಿ ಕಾಣಿಸಿತು. ಧೂಳಿನ ಹಿಂದೆ ತಿಪ್ಪೇಸ್ವಾಮಿ. ನಾನು ಮನುಷ್ಯನನ್ನು ನೋಡುವಷ್ಟರಲ್ಲಿ ಕರಿಯಮ್ಮ ಬೂಟನ್ನು ನೋಡಿಯಾಗಿತ್ತು.

“ಎಡಗಡೇದು ಕಪ್ಪಾಗೈತೆ. ಅಲ್ಲೇ ಕುಂತ್ಕಳ್ರಿ.”

ಅವರು ರೊಪ್ಪದ ಬಾಗಿಲ ಬಳಿಯ ಕಲ್ಲಿನ ಮೇಲೆ ಕೂತರು. ಕರಿಯಮ್ಮ ದಾರ ಬಿಚ್ಚಿ, ಬೂಟು ಕಳಚಿ, ಒಳಗೆ ಕೈ ಹಾಕಿ ಮೂತಿಯವರೆಗೂ ತಡವಿದರು. ಕಾಲುಚೀಲ ತೆಗೆದು ಪಾದವನ್ನು ಬಿಸಿಲಿಗೆ ತಿರುಗಿಸಿದರು. ಮುಂದೆ ಬೆರಳಿಲ್ಲದ ಜಾಗವನ್ನು ಹೆಬ್ಬೆರಳಿನಿಂದ ಒರೆಸಿದರು. ಪಾದ ಚೆನ್ನಾಗಿತ್ತು. ಆ ಸ್ಪರ್ಶ ತಿಪ್ಪೇಸ್ವಾಮಿಯವರಿಗೆ ತಿಳಿಯುವುದಿಲ್ಲ ಎಂಬುದು ನಮ್ಮ ಮೂವರಿಗೂ ಗೊತ್ತಿತ್ತು. ಅವರು ಹೆಂಡತಿಯ ಕೈಯನ್ನೇ ನೋಡುತ್ತ ಕೂತಿದ್ದರು. ಮರಿಗಳು ಬೇಲಿಯ ಒಳಗಿನಿಂದ ಕೂಗುತ್ತಿದ್ದವು. ಅಣ್ಣ ಒಳಗಿನಿಂದ ಅರಿಶಿನ ಬಳಿದ ಚಪ್ಪಲಿಯನ್ನು ಬಾಗಿಲ ಒಳಬದಿಯ ಅಂಚಿಗೆ ಜಾರಿಸಿದರು. ತಿಪ್ಪೇಸ್ವಾಮಿ ಇನ್ನೊಂದು ಬೂಟನ್ನೂ ಕಳಚಿ, ಕಲ್ಲಿನ ಮೇಲಿಂದಲೇ ಅದಕ್ಕೆ ಕಾಲು ತೂರಿಸಿ ಒಳಗೆ ಹೋದರು. ತುಸು ಹೊತ್ತಿಗೆ ಕಂಕುಳಲ್ಲಿ ಎರಡು ಮರಿ ಇಟ್ಟುಕೊಂಡು ಬಾಗಿಲಿಗೆ ಬಂದು ನಿಂತರು.

ಹೊರಕೆರೆದೇವಪುರದ ಕಾವಲುಗಾರರು ಕೇಳಿದ್ದನ್ನು ಆಗ ಹೇಳಿದೆ, ಕನ್ನಡಿಯ ಮಾತನ್ನೂ ಹೇಳಿದೆ. ತಿಪ್ಪೇಸ್ವಾಮಿ ನಗಲಿಲ್ಲ. ಮರಿಯ ಬೆನ್ನು ಸವರುತ್ತ, “ಕನ್ನಡಿ ಎಲ್ಲಿ ಬಯ್ತೈತೆ ಪಾಪ” ಎಂದರು. ಆಮೇಲೆ, “ಇಲ್ಲಿಗೇ ಬರಾಕೆ ಹೇಳ್ರಿ. ಇವ್ಳು ಹೆಂಗೂ ಒಂದು ಜೊತೆ ಕಾಲು ನೋಡ್ತಾಳೆ, ಇನ್ನೊಂದು ಜೊತೆ ಸೇರ್ಸಣ” ಎಂದರು.

“ಮೊದ್ಲು ನಿಮ್ದು ನೆಟ್ಟಗಿಟ್ಕಳ್ರಿ” ಎಂದರು ಕರಿಯಮ್ಮ. ನನ್ನ ಕಡೆ ತಿರುಗಿ, ತಮಾಷೆ ಬಿಟ್ಟು, “ತಿಂಗಳಿಗೊಂದು ಶನಿವಾರ ಹಿರಿಯೂರಿಗೆ ತೋರ್ಸಾಕೆ ಹೋಗ್ತೀವಿ ಮೇಡಮ್. ಅವ್ರನ್ನೂ ಅವತ್ತೇ ಬರಾಕೆ ಹೇಳ್ರಿ. ಜೊತೆಗಿದ್ರೆ ಆಯ್ತದೆ” ಎಂದರು.

ಮರುದಿನ ಕಚೇರಿಯಿಂದ ಕಾವಲುಗಾರರಿಗೆ ಇದನ್ನೂ ಓದಿ ಹೇಳಿದಂತೆಯೇ ಹೇಳಿದೆ. ಅವರು ಕೇಳಿದ್ದು ಒಂದೇ: “ಶನಿವಾರ ಎಷ್ಟೊತ್ತಿಗೆ ಬರ್ಲಿ?”

ನಿವೃತ್ತಳಾಗುವವರೆಗೂ ಇನ್ನೂ ಹಲವು ಫೋನ್-ಇನ್ ನಡೆಸಿದೆ. ಮೊದಲು ನಾವು ಕರೆ ಮಾಡಿದವರಿಂದ ಹೆಸರು, ಊರು, ವಯಸ್ಸು, ತೊಂದರೆ ಏನು ಎಂದು ಕೇಳಿ ಬರೆದುಕೊಳ್ಳುತ್ತಿದ್ದೆವು. ಈ ಪ್ರಕರಣದ ನಂತರ ಇನ್ನೊಂದನ್ನು ಸೇರಿಸಿದೆ. ಮನೆಯಲ್ಲಿ ಜೊತೆಗೆ ಯಾರಿದ್ದಾರೆ? ಅದನ್ನು ಅಚ್ಚು ಮಾಡುತ್ತಿರಲಿಲ್ಲ. ತಜ್ಞರ ಮುಂದೆ ಚೀಟಿಯಲ್ಲಿ ಬರೆದಿಡುತ್ತಿದ್ದೆ, ಅವರು ಅದನ್ನು ಓದಿಕೊಂಡ ಮೇಲೆ ಉತ್ತರ ಹೇಳುತ್ತಿದ್ದರು. ಎಷ್ಟೋ ಸಲ ಉತ್ತರ ಬೇರೆಯೇ ಆಗುತ್ತಿತ್ತು. ಒಂದು ಸಲಹೆ ಸರಿಯೋ ತಪ್ಪೋ ಎಂದು ನೋಡುವುದರ ಜೊತೆಗೆ, ಅದನ್ನು ದಿನವೂ ಪಾಲಿಸಬೇಕಾದವರು ಯಾರು ಎಂದೂ ತಿಳಿದುಕೊಳ್ಳಬೇಕು. ನನ್ನ ವೃತ್ತಿ ನನಗೆ ಕಲಿಸಿದ್ದರಲ್ಲಿ ನಾನು ಬೇರೆಯವರಿಗೆ ದಾಟಿಸಬಲ್ಲದ್ದು ಇದೊಂದು.